ಲಾರಿ ಬುಕ್ ಮಾಡುವ ಮೊದಲು ಆ ಊರಿನ ಕೆಟ್ಟ ತಿಂಗಳು ನೋಡಿ

ಹುಬ್ಬಳ್ಳಿಯಲ್ಲಿ ಮನೆ ಸಾಮಾನು ಸಾಗಿಸುವುದು ನನ್ನ ಕಸುಬು. ಧಾರವಾಡ, ಗದಗ, ಹಾವೇರಿ ಕಡೆಯವರು ನೌಕರಿ ಹಿಡಿದು ಹೋಗುವ ಊರುಗಳೇ ನಮ್ಮ ಲಾರಿಗಳ ದಾರಿ. ಪುಣೆ, ಹೈದರಾಬಾದ್, ಚೆನ್ನೈ, ಗೋವಾ, ಒಮ್ಮೊಮ್ಮೆ ಸೂರತ್, ದಿಲ್ಲಿ. ಬಾಡಿಗೆ ಮಾತು ಮುಗಿದ ಮೇಲೆ ಎಲ್ಲರೂ ಕೇಳುವುದು ಒಂದೇ: "ಅಣ್ಣಾರ, ಆ ಊರು ಹೆಂಗೈತ್ರಿ?" ನಾನು ತಿರುಗಿ ಕೇಳುತ್ತೇನೆ, "ಯಾವ ತಿಂಗಳದಾಗ?"

ಇಂಟರ್‌ವ್ಯೂಗೆ ಅಂತ ಜನವರಿಯಲ್ಲಿ ಚೆನ್ನೈಗೆ ಹೋಗಿ ಬಂದವರಿಗೆ ಅದು ಚೆಂದದ ಊರು. ಫೆಬ್ರುವರಿಯಲ್ಲಿ ದಿಲ್ಲಿ ನೋಡಿದವರಿಗೆ ದಿಲ್ಲಿಯಂಥ ಊರೇ ಇಲ್ಲ. ಆದರೆ ಸಂಸಾರ ಮಾಡುವುದು ವರ್ಷಪೂರ್ತಿ ಅಲ್ವಾ? ಹಾಗಾಗಿ ಆ ಊರಿನ ಅತಿ ಕೆಟ್ಟ ತಿಂಗಳು ಯಾವುದು, ಆ ತಿಂಗಳಲ್ಲಿ ನೀವು ಹಿಡಿಯುವ ಮನೆ ಹೇಗಿರುತ್ತದೆ, ಆಗ ಖರ್ಚು ಎಷ್ಟು ಬರುತ್ತದೆ, ಇಷ್ಟನ್ನು ಮೊದಲು ತಿಳಿದುಕೊಳ್ಳಿ. ಉಳಿದ ತಿಂಗಳುಗಳು ಹೇಗೋ ನಡೆಯುತ್ತವೆ.

ಹಗಲಿನ ಬಿಸಿಲಲ್ಲ, ರಾತ್ರಿಯ ಸೆಕೆ ನೋಡಿ

ನಮ್ಮ ಕಡೆಯವರಿಗೆ ಒಂದು ಕೆಟ್ಟ ಅಭ್ಯಾಸವಿದೆ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲೂ 37, 38 ಡಿಗ್ರಿ ಆಗುತ್ತದೆ, ಹಾಗಾಗಿ ಎಲ್ಲಿಗೆ ಹೋದರೂ ತಡೆದುಕೊಳ್ಳುತ್ತೇವೆ ಅಂತ ತಿಳಿಯುತ್ತೇವೆ. ಆದರೆ ಹುಬ್ಬಳ್ಳಿ ಇರುವುದು ಸಮುದ್ರ ಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿ, ಧಾರವಾಡ ಇನ್ನೂ ಮೇಲೆ. ಸಂಜೆ ಆಗುತ್ತಲೇ ಪಡುವಣದ ಗಾಳಿ ಬೀಸುತ್ತದೆ. ಮೇ ತಿಂಗಳಲ್ಲೂ ಬೆಳಗಿನ ಜಾವ 21, 22 ಡಿಗ್ರಿಗೆ ಇಳಿಯುತ್ತದೆ. ಮಾಳಿಗೆ ಮೇಲೆ ಮಲಗಿದರೆ ಹೊದಿಕೆ ಬೇಕು. ಚೆನ್ನೈಯಲ್ಲಿ ಮೇ ತಿಂಗಳ ರಾತ್ರಿ 28ರ ಹತ್ತಿರವೇ ನಿಂತುಬಿಡುತ್ತದೆ. ಹಗಲಿನ ಅಂಕಿ ನಮ್ಮಲ್ಲಿಗೂ ಅಲ್ಲಿಗೂ ಬಹಳ ದೂರವಿಲ್ಲ, ಆದರೆ ರಾತ್ರಿ ನಿದ್ದೆ ಬರುವುದಿಲ್ಲ.

ಹವಾಮಾನ ಇಲಾಖೆಯವರು ದೊಡ್ಡ ಊರುಗಳಿಗೆಲ್ಲ ತಿಂಗಳುವಾರು ಸರಾಸರಿ ಪಟ್ಟಿ ಕೊಟ್ಟಿದ್ದಾರೆ. ಅದರಲ್ಲಿ ಮೂರು ಸಾಲು ಸಾಕು. ಮೇ ತಿಂಗಳ ರಾತ್ರಿಯ ಉಷ್ಣಾಂಶ, ಗಾಳಿಯ ತೇವಾಂಶ, ತಿಂಗಳುವಾರು ಮಳೆ. ಪಕ್ಕದಲ್ಲಿ ನಿಮ್ಮ ಊರಿನ ಅಂಕಿಯನ್ನೂ ಬರೆದುಕೊಳ್ಳಿ. ಪುಣೆಯ ಅಂಕಿ ನಮಗೆ ಬಹಳ ಹತ್ತಿರ ಬರುತ್ತದೆ. ಹೈದರಾಬಾದಿನಲ್ಲಿ ಬೇಸಿಗೆ ನಮಗಿಂತ ಜೋರು, 40 ದಾಟುತ್ತದೆ, ಆದರೆ ಒಣ ಹವೆ. ಗೋವಾ, ಮುಂಬೈ, ಚೆನ್ನೈ, ವಿಶಾಖಪಟ್ಟಣದಲ್ಲಿ ಅಂಕಿ ಚಿಕ್ಕದಾಗಿ ಕಂಡರೂ ಬೆವರು ಆರುವುದಿಲ್ಲ. ಹವಾಮಾನ ಇಲಾಖೆಯೇ ಬಿಸಿಗಾಳಿ ಎಚ್ಚರಿಕೆಗೆ ಬಯಲುಸೀಮೆಯಲ್ಲಿ 40 ಡಿಗ್ರಿ, ಕರಾವಳಿಯಲ್ಲಿ 37 ಡಿಗ್ರಿ ಅಂತ ಬೇರೆ ಬೇರೆ ಗೆರೆ ಹಾಕಿಕೊಂಡಿದೆ. ಕಾರಣ ಈ ತೇವ.

ತೇವ ಏನು ಮಾಡುತ್ತದೆ ಅಂತ ತಿಳಿಯಲು ಪಟ್ಟಿಯೇ ಬೇಕಿಲ್ಲ. ಗದಗಿನ ಒಬ್ಬ ತಾಯಿ ಮಗನ ಮನೆಗೆ ಸಾಮಾನಿನ ಜೊತೆ ಕಡಕ್ ರೊಟ್ಟಿಯ ದೊಡ್ಡ ಕಟ್ಟು ಕಟ್ಟಿಕೊಟ್ಟಿದ್ದರು. ಬಿಳಿ ಪಂಚೆಯಲ್ಲಿ ಸುತ್ತಿ, ಮೇಲೊಂದು ಗಂಟು. ಗದಗ-ಬೆಟಗೇರಿಯಲ್ಲಿ ಅದು ತಿಂಗಳುಗಟ್ಟಲೆ ಇರುವ ಸಾಮಾನು. ಚೆನ್ನೈಯಲ್ಲಿ ಸಾಮಾನು ಇಳಿಸಿ, ಲಾರಿ ವಾಪಸ್ ಲೋಡಿಗೆ ಕಾಯುತ್ತಿದ್ದಾಗ ಆ ಹುಡುಗ ನಮ್ಮವರನ್ನು ಊಟಕ್ಕೆ ಕರೆದ. ಗಂಟು ಬಿಚ್ಚಿದರೆ ರೊಟ್ಟಿ ಮುರಿಯುತ್ತಲೇ ಇಲ್ಲ, ಮಡಚುತ್ತದೆ. ಶೇಂಗಾ ಚಟ್ನಿ ಗಟ್ಟಿಯಾಗಿ ಚಮಚಕ್ಕೆ ಅಂಟಿತ್ತು. ಗೋವಾದಲ್ಲಿ ಜುಲೈ, ಆಗಸ್ಟ್‌ನಲ್ಲಿ ಇದೇ ಕಥೆ. ಇಳಕಲ್ ಸೀರೆಗೂ ಚಪ್ಪಲಿಗೂ ಬೂಷ್ಟು ಬರುತ್ತದೆ. ಪಾರ್ಟಿಕಲ್ ಬೋರ್ಡಿನ ಕಪಾಟು ಉಬ್ಬುತ್ತದೆ. ಮನೆಯಲ್ಲಿ ದಮ್ಮಿನ ಕಾಯಿಲೆ ಇದ್ದವರಿದ್ದರೆ ಈ ಬೂಷ್ಟು ಬರೀ ಸೀರೆಯ ಮಾತಲ್ಲ.

ಇನ್ನು ಕೂಲರ್. ಇಲ್ಲಿಂದ ಎಷ್ಟೋ ಜನ ದೊಡ್ಡ ಕೂಲರ್ ಲಾರಿಗೆ ಏರಿಸುತ್ತಾರೆ. ನೀರು ಆವಿಯಾದರೆ ಮಾತ್ರ ಕೂಲರ್ ತಂಪು ಕೊಡುತ್ತದೆ, ಆವಿಯಾಗಲು ಒಣ ಗಾಳಿ ಬೇಕು. ಹೈದರಾಬಾದ್, ನಾಗಪುರ, ಅಹಮದಾಬಾದಿಗೆ ಒಯ್ಯಿರಿ. ಚೆನ್ನೈ, ಮುಂಬೈ, ಗೋವಾಕ್ಕೆ ಒಯ್ದರೆ ಅದು ಕೋಣೆಯ ತೇವ ಹೆಚ್ಚಿಸುವ ಯಂತ್ರ, ಅಷ್ಟೇ.

ಮಳೆಯ ತಿಂಗಳೂ ಬೇರೆ ಎನ್ನುವುದನ್ನು ಮರೆಯಬೇಡಿ. ನಮಗೆ ಜೂನ್‌ನಿಂದ ಶುರುವಾಗಿ ದೀಪಾವಳಿ ಹೊತ್ತಿಗೆ ಮಳೆ ಮುಗಿದಂತೆಯೇ. ಚೆನ್ನೈಯಲ್ಲಿ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ದೊಡ್ಡ ಅನಾಹುತಗಳೆಲ್ಲ ಆಗಲೇ. 2015ರ ಡಿಸೆಂಬರ್ ನೆರೆ, 2016ರ ಡಿಸೆಂಬರಿನ ವರ್ದಾ ಚಂಡಮಾರುತ, 2023ರ ಡಿಸೆಂಬರಿನ ಮಿಚಾಂಗ್. ವಿಶಾಖಪಟ್ಟಣಕ್ಕೆ ಹುದ್‌ಹುದ್ ಅಪ್ಪಳಿಸಿದ್ದು 2014ರ ಅಕ್ಟೋಬರ್ 12ಕ್ಕೆ. ಪೂರ್ವ ಕರಾವಳಿಗೆ ಹೋಗುವವರು ದೀಪಾವಳಿ ಆಸುಪಾಸಿನಲ್ಲಿ ಮನೆ ಬದಲಾಯಿಸಲೇಬೇಡಿ.

ದಿಲ್ಲಿ, ಗುರುಗ್ರಾಮ, ನೋಯ್ಡಾ ಕಡೆಗಾದರೆ ಕೆಟ್ಟ ತಿಂಗಳು ನವೆಂಬರ್. ಸಮೀರ್ ಆ್ಯಪ್‌ನಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ ಬರುತ್ತದೆ. 50ರ ಒಳಗಿದ್ದರೆ ಒಳ್ಳೆಯದು, 400 ದಾಟಿದರೆ ಗಂಭೀರ. ಜುಲೈನಲ್ಲಿ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಮಳೆಯಲ್ಲಿ ಯಾವ ಊರಿನ ಗಾಳಿಯೂ ಶುದ್ಧವೇ.

ಗೋಡೆ ಎಲ್ಲ ಹೇಳುತ್ತದೆ

ಊರಿನ ಹೆಸರು ನೋಡಿ ಭಯ ಬೀಳುವುದೂ ಬೇಡ, ಧೈರ್ಯ ತಾಳುವುದೂ ಬೇಡ. ಒಂದೇ ಊರಿನ ಒಂದು ಓಣಿ ಮುಳುಗುತ್ತದೆ, ಮುಂದಿನ ಓಣಿಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ. ನಮ್ಮಲ್ಲೇ ನೋಡಿ. ನವಲಗುಂದದವರಿಗೆ ಬೆಣ್ಣಿಹಳ್ಳ ಯಾವಾಗ ಉಕ್ಕುತ್ತದೆ ಅಂತ ಗೊತ್ತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ನರಗುಂದ ತಾಲೂಕಿನ ಕೊಣ್ಣೂರಿಗೆ ನುಗ್ಗಿತ್ತು. ಅದೇ ಜಿಲ್ಲೆಯ ಗದಗ ಊರಿಗೆ ಆ ನದಿಯ ಭಯವಿಲ್ಲ. ಬೇರೆ ರಾಜ್ಯಕ್ಕೆ ಹೋದಾಗ ಮಾತ್ರ ನಮಗೆ ಈ ವಿವೇಕ ಇರುವುದಿಲ್ಲ.

ನಮ್ಮ ಹುಡುಗರು ಸಾಮಾನು ಇಳಿಸುವಾಗ ನಾನು ಗೋಡೆ ನೋಡುತ್ತ ನಿಲ್ಲುತ್ತೇನೆ. ಚೆನ್ನೈ ದಕ್ಷಿಣದ ಒಂದು ಬಡಾವಣೆಯಲ್ಲಿ ನೆಲಮಹಡಿ ಮನೆ. ಒಳಗೆಲ್ಲ ಘಮಘಮ ಹೊಸ ಪೇಂಟು. ಆದರೆ ಆ ಹೊಸ ಪೇಂಟು ಸೊಂಟದ ಎತ್ತರಕ್ಕೆ ನಿಂತಿತ್ತು. ಅಲ್ಲಿಂದ ಮೇಲೆ ಹಳೆಯ ಬಣ್ಣ, ಸ್ವಲ್ಪ ಮಾಸಿದ್ದು. ಸ್ವಿಚ್ ಬೋರ್ಡುಗಳೆಲ್ಲ ಭುಜದ ಮೇಲೆ. ಕೆಳಗೆ ಮೊದಲು ಬೋರ್ಡು ಇದ್ದ ಚೌಕಕ್ಕೆ ಸಿಮೆಂಟು ಮೆತ್ತಿದ್ದರು. ಕರೆಂಟ್ ಮೀಟರನ್ನು ಮೊದಲ ಮಹಡಿಯ ಮೆಟ್ಟಿಲಿಗೆ ಏರಿಸಿದ್ದರು. ಅಷ್ಟು ಸಾಕು, ಅಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ತಿಳಿಯಲು. ಗಿರಾಕಿಗೆ ತೋರಿಸಿದೆ. ಅವರು ಅಡ್ವಾನ್ಸ್ ಕೊಟ್ಟಾಗಿತ್ತು. ಮನೆ ಹಿಡಿಯುವ ಮೊದಲು ನೋಡಬೇಕಾದ್ದನ್ನು ಸಾಮಾನು ಇಳಿಸುವಾಗ ನೋಡಿದರೆ ಹೀಗೆಯೇ.

ಇವಿಷ್ಟನ್ನು ನೋಡಿ: ಕಾಂಪೌಂಡಿನ ಹೊರಗೋಡೆಯಲ್ಲಿ ಕಂದು ಗೆರೆ, ಇತ್ತೀಚೆಗೆ ಎತ್ತರಿಸಿದ ಹೊಸ್ತಿಲು, ರಸ್ತೆಗಿಂತ ಕೆಳಗಿರುವ ಪಾರ್ಕಿಂಗ್, ಅಲ್ಲಿ ಸದಾ ಸಿದ್ಧವಾಗಿರುವ ಪಂಪು. ಓನರನ್ನು ಕೇಳಬೇಡಿ, ಬ್ರೋಕರನ್ನಂತೂ ಕೇಳಲೇಬೇಡಿ. ಬೀದಿ ಕೊನೆಯ ಇಸ್ತ್ರಿ ಅಂಗಡಿಯವನು, ಹಾಲು ಹಾಕುವವನು, ಸೆಕ್ಯೂರಿಟಿ, ಇವರನ್ನು ಕೇಳಿ. "ಇಲ್ಲಿ ನೀರು ಬರುತ್ತದಾ" ಅಂದರೆ ಇಲ್ಲ ಅನ್ನುತ್ತಾರೆ. "ಹೋದ ಸಲ ನೀರು ಬಂದಾಗ ಗಾಡಿ ಎಲ್ಲಿ ನಿಲ್ಲಿಸಿದ್ರಿ" ಅಂತ ಕೇಳಿ. ಉತ್ತರ ತಾನಾಗಿ ಬರುತ್ತದೆ.

ಮನೆ ಹತ್ತಿರ ನದಿ ಕಾಣದಿದ್ದರೂ ಮೇಲ್ಗಡೆ ಅಣೆಕಟ್ಟು ಇದೆಯಾ ನೋಡಿ. ಪುಣೆಯಲ್ಲಿ 2024ರ ಜುಲೈ 25ರಂದು ಖಡಕವಾಸ್ಲಾದಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿ ಮುಳುಗಿತು. ಅದೇ ಪುಣೆಯಲ್ಲಿ 2019ರ ಸೆಪ್ಟೆಂಬರ್ 25ರ ರಾತ್ರಿ ಅಂಬಿಲ್ ಓಢಾ ಎಂಬ ಹಳ್ಳ ಉಕ್ಕಿತ್ತು. 2006ರ ಆಗಸ್ಟ್‌ನಲ್ಲಿ ಸೂರತ್ ಮುಳುಗಿದ್ದೂ ಉಕಾಯಿ ಅಣೆಕಟ್ಟಿನ ನೀರಿಗೇ. ಹೈದರಾಬಾದಿನಲ್ಲಿ 2020ರ ಅಕ್ಟೋಬರ್ ಮಳೆಗೆ ಕೆರೆಗಳು ತುಂಬಿ ಬಡಾವಣೆಗಳಿಗೆ ನುಗ್ಗಿದವು. ಚೆನ್ನೈಯ ಐಟಿ ಕಾರಿಡಾರಿನ ಪಕ್ಕ ಇರುವುದು ಪಳ್ಳಿಕರಣೈ ಜೌಗು ನೆಲ. ಆಫೀಸಿಗೆ ಹತ್ತಿರ ಅಂತ ಅಲ್ಲೇ ಮನೆ ಹುಡುಕುವವರು ಜಾಸ್ತಿ. ಮೊಬೈಲ್ ನಕ್ಷೆಯಲ್ಲಿ ಉಪಗ್ರಹ ಚಿತ್ರ ಹಾಕಿ, ಸುತ್ತ ಕೆರೆ, ಹಳ್ಳ, ನಾಲೆ ಎಲ್ಲಿವೆ ಅಂತ ನೋಡುವುದು ಸುಮ್ನೆ ಹತ್ತು ನಿಮಿಷದ ಕೆಲಸ.

ಹಾಗಾದರೆ ಮೇಲಿನ ಮಹಡಿ ಹಿಡಿಯೋಣ ಅನ್ನುತ್ತೀರಿ. ನೀರು ಬರುವ ಊರಿನಲ್ಲಿ ಸರಿ. ಆದರೆ ಹೈದರಾಬಾದ್, ನಾಗಪುರದ ಬಿಸಿಲಿಗೆ ಕೊನೆಯ ಮಹಡಿ ಬೇಡ. ಪಶ್ಚಿಮಕ್ಕೆ ಮುಖ ಮಾಡಿದ ಕೋಣೆಯಿದ್ದರಂತೂ ರಾತ್ರಿ ಹತ್ತಾದರೂ ಗೋಡೆ ಕೈಗೆ ಬಿಸಿ ತಾಕುತ್ತದೆ. ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಲಿಫ್ಟಿಗೆ ಜನರೇಟರ್ ಇದೆಯಾ ಕೇಳಿ. ನೆರೆ ಬಂದಾಗ ಮೊದಲು ಹೋಗುವುದು ಕರೆಂಟ್. ಕೇಳುವುದಾದರೆ ಜನರೇಟರನ್ನು ಬೇಸ್‌ಮೆಂಟಿನಲ್ಲಿ ಇಟ್ಟಿದ್ದಾರಾ ಅಂತಲೂ ಕೇಳಿ. ಇಟ್ಟವರೂ ಇದ್ದಾರೆ!

ಭೂಕಂಪದ ಚಿಂತೆ ಗುವಾಹಟಿ, ಭುಜ್ ಕಡೆಗೆ ಹೋಗುವವರಿಗೆ ಮುಖ್ಯ. ದಿಲ್ಲಿಯವರಿಗೂ ಇದೆ. 2001ರ ಜನವರಿ 26ರ ಕಂಪನದ ಕೇಂದ್ರ ಇದ್ದದ್ದು ಕಛ್‌ನಲ್ಲಿ, ಆದರೆ ದೂರದ ಅಹಮದಾಬಾದಿನಲ್ಲೂ ಬಹುಮಹಡಿ ಕಟ್ಟಡಗಳು ಕುಸಿದವು. ಕೆಳಗೆ ಬರೀ ಕಂಬ ಬಿಟ್ಟು ಪಾರ್ಕಿಂಗ್ ಮಾಡಿದ ಕಟ್ಟಡಗಳು ಅದರಲ್ಲಿ ದುರ್ಬಲ. ಕಟ್ಟಡದ ಪರವಾನಗಿ, ಕಂಪ್ಲೀಷನ್ ಸರ್ಟಿಫಿಕೇಟ್ ಇದೆಯಾ ಅಂತಾದರೂ ಕೇಳಿ.

ಬಾಡಿಗೆದಾರರಾಗಿದ್ದರೂ ಸಾಮಾನಿಗೆ ವಿಮೆ ಮಾಡಿಸಬಹುದು. 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಎಂಬ ಒಂದೇ ನಮೂನೆಯ ಪಾಲಿಸಿ ಬಂದಿದೆ. ನೆರೆ, ಚಂಡಮಾರುತ, ಭೂಕಂಪ ಎಲ್ಲ ಅದರಲ್ಲಿ ಸೇರಿವೆ. ಕಟ್ಟಡ ಬಿಟ್ಟು ಒಳಗಿನ ಸಾಮಾನಿಗಷ್ಟೇ ತೆಗೆದುಕೊಳ್ಳಬಹುದು. ಕಾರು ನೀರಿನಲ್ಲಿ ನಿಂತರೆ ಸ್ಟಾರ್ಟ್ ಮಾಡಬೇಡಿ. ಎಂಜಿನ್‌ಗೆ ನೀರು ನುಗ್ಗಿದ ಮೇಲಿನ ಖರ್ಚನ್ನು ಸಾಮಾನ್ಯ ಪಾಲಿಸಿ ಕೊಡುವುದು ಕಷ್ಟ.

ಊರಿಗೆ ಬರುವ ದಾರಿ

ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪುಣೆ ಹತ್ತಿರ, ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಮನೆ, 2024ರಿಂದ ವಂದೇ ಭಾರತ್ ರೈಲೂ ಇದೆ. ನಿಜ. ಆದರೆ ರಸ್ತೆ ಹೋಗುವುದು ಕೊಲ್ಹಾಪುರದ ಪಂಚಗಂಗೆಯ ಪಕ್ಕ. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಶಿರೋಲಿ ಹತ್ತಿರ ಹೆದ್ದಾರಿ ಮೇಲೆ ನೀರು ಬಂದು ಪುಣೆ-ಬೆಂಗಳೂರು ರಸ್ತೆ ದಿನಗಟ್ಟಲೆ ಬಂದ್ ಆಗಿತ್ತು. ಲಾರಿಗಳು ಮೈಲುಗಟ್ಟಲೆ ಸಾಲು ನಿಂತಿದ್ದವು. ಊರಲ್ಲಿ ಕಾಯಿಲೆಯ ಹಿರಿಯರಿದ್ದರೆ ಆ ವಾರ ನೀವು ಹೇಗೆ ಬರುತ್ತೀರಿ ಅಂತ ಮೊದಲೇ ಯೋಚಿಸಿಡಿ.

ಗೋವಾ ಇನ್ನೂ ಹತ್ತಿರ. ಆದರೆ ಮಳೆಗಾಲದಲ್ಲಿ ಅನಮೋಡ ಘಾಟಿನ ರಸ್ತೆ, ಕ್ಯಾಸಲ್‌ರಾಕ್‌ನಿಂದ ಇಳಿಯುವ ರೈಲು ಹಳಿ ಎರಡಕ್ಕೂ ಗುಡ್ಡ ಕುಸಿತದ ಕಾಟ. ಕೇರಳಕ್ಕೆ ಕರಾವಳಿ ದಾರಿ ಹಿಡಿಯುವವರಿಗೆ ಅಂಕೋಲಾ ಹತ್ತಿರದ ಶಿರೂರು ನೆನಪಿರಬೇಕು. 2024ರ ಜುಲೈ 16ರಂದು ಅಲ್ಲಿ ಗುಡ್ಡ ಜಾರಿ ಹೆದ್ದಾರಿ ಪಕ್ಕದ ಚಹಾ ಅಂಗಡಿ, ಲಾರಿ ಎಲ್ಲ ಹೋದವು. ನಮ್ಮ ಡ್ರೈವರುಗಳು ಈಗ ಜುಲೈನಲ್ಲಿ ಆ ಕಡೆ ಲೋಡ್ ಅಂದರೆ ಒಮ್ಮೆ ನನ್ನ ಮುಖ ನೋಡುತ್ತಾರೆ.

ಸಂಬಳ ಹೆಚ್ಚಾಯಿತು, ಉಳಿಯುವುದೆಷ್ಟು?

ಸಂಬಳ ತಿಂಗಳಿಗೆ 10,000 ಜಾಸ್ತಿ ಆಯಿತು ಅಂತ ಇಟ್ಟುಕೊಳ್ಳಿ. ಒಂದು ಹಾಳೆಯಲ್ಲಿ ಎರಡು ಲೆಕ್ಕ ಬರೆಯಿರಿ, ಒಂದು ಸಾಧಾರಣ ತಿಂಗಳದ್ದು, ಇನ್ನೊಂದು ಕೆಟ್ಟ ತಿಂಗಳದ್ದು. ಮನೆ ಬಾಡಿಗೆಯನ್ನು ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಬೇರೆಯವು.

ಮೊದಲು, ಇಲ್ಲಿ ಪುಕ್ಕಟೆ ಸಿಗುತ್ತಿರುವುದು. ಗೃಹಜ್ಯೋತಿಯಿಂದ ಹೆಸ್ಕಾಂ ಬಿಲ್ ಸೊನ್ನೆ ಬರುವ ಮನೆಗಳು ಎಷ್ಟಿಲ್ಲ? ಮನೆಯ ಹೆಂಗಸರು ಶಕ್ತಿ ಯೋಜನೆಯಲ್ಲಿ ಬಸ್ಸಿಗೆ ದುಡ್ಡು ಕೊಡುವುದಿಲ್ಲ. ಗಡಿ ದಾಟಿದರೆ ಇವೆರಡೂ ಹೋದವು. ಕೆಲವು ರಾಜ್ಯಗಳಲ್ಲಿ ಅವರದ್ದೇ ಯೋಜನೆಗಳಿವೆ, ಆದರೆ ಅಲ್ಲಿನ ರೇಷನ್ ಕಾರ್ಡ್, ವಿಳಾಸ ಕೇಳುತ್ತಾರೆ. ತಮಿಳುನಾಡಿನಲ್ಲಿ ಕರೆಂಟ್ ಬಿಲ್ ಎರಡು ತಿಂಗಳಿಗೊಮ್ಮೆ. ಮೊದಲ 100 ಯೂನಿಟ್ ಉಚಿತ, ಆದರೆ 500 ಯೂನಿಟ್ ದಾಟಿದವರಿಗೆ ದರದ ಪಟ್ಟಿಯೇ ಬೇರೆ. ಒಂದೂವರೆ ಟನ್ನಿನ ಎಸಿ ರಾತ್ರಿ ಎಂಟು ಗಂಟೆ ಓಡಿದರೆ ಸುಮಾರು 8ರಿಂದ 10 ಯೂನಿಟ್. ಎರಡು ತಿಂಗಳಿಗೆ ಅದೊಂದೇ 500ರ ಹತ್ತಿರ ಬಂತು.

ಆಮೇಲೆ ನೀರು. ನೀರು ತುಂಬಿಡುವುದು ನಮಗೆ ಹೊಸದಲ್ಲ, ಮಲಪ್ರಭಾ ನೀರು ನಲ್ಲಿಗೆ ಬರುವ ದಿನಕ್ಕೆ ಕಾದು ಬೆಳೆದವರು ನಾವು. ಆದರೆ ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕರ್ ನೀರಾದರೆ ಅದರ ಖರ್ಚು ಮೇಂಟೆನೆನ್ಸ್‌ನಲ್ಲಿ ಬರುತ್ತದೆ, ಬೇಸಿಗೆಯಲ್ಲಿ ಏರುತ್ತದೆ. ಮೇ ತಿಂಗಳ ಮೇಂಟೆನೆನ್ಸ್ ರಸೀದಿ ತೋರಿಸಿ ಅಂತ ಪಕ್ಕದ ಮನೆಯವರನ್ನು ಕೇಳಿ. ಚೆನ್ನೈ 2015ರಲ್ಲಿ ಮುಳುಗಿದ್ದು, ಅದೇ ಊರಿಗೆ 2019ರ ಜುಲೈನಲ್ಲಿ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ತಂದಿದ್ದರು.

ಮೂರನೆಯದು ಊರಿನ ಚೀಲ. ಹೊಲದಿಂದ ಬರುವ ಜೋಳ, ಕಡಲೆ, ಶೇಂಗಾ, ಮನೆಯ ಖಾರ. ಇದಕ್ಕೆಲ್ಲ ನಾವು ಬೆಲೆ ಕಟ್ಟುವುದಿಲ್ಲ. ದೂರ ಹೋದ ಮೇಲೆ ಕಟ್ಟಬೇಕಾಗುತ್ತದೆ. ಪುಣೆಯಲ್ಲಿ ಒಳ್ಳೆಯ ಜೋಳ ಸುಲಭವಾಗಿ ಸಿಗುತ್ತದೆ, ಸೊಲ್ಲಾಪುರ ಹತ್ತಿರವಲ್ಲವೇ. ಚೆನ್ನೈಯಲ್ಲಿ ಹುಡುಕಬೇಕು. ಜೊತೆಗೆ ಯುಗಾದಿ, ಜಾತ್ರೆ, ಮದುವೆ, ದೀಪಾವಳಿ ಅಂತ ಬಂದುಹೋಗುವ ಖರ್ಚು. ಒಬ್ಬರ ಟಿಕೆಟ್ ಅಲ್ಲ, ನಾಲ್ಕು ಜನರದ್ದು, ಹಬ್ಬದ ಖಾಸಗಿ ಬಸ್ ದರದಲ್ಲಿ ಬರೆಯಿರಿ. ಇಷ್ಟೆಲ್ಲ ಕಳೆದು ಕೆಟ್ಟ ತಿಂಗಳಲ್ಲೂ ಏನಾದರೂ ಉಳಿದರೆ ಸಂತೋಷವಾಗಿ ಹೋಗಿ. ಉಳಿಯದಿದ್ದರೆ, ಆರು ತಿಂಗಳು ಒಬ್ಬರೇ ರೂಮ್ ಮಾಡಿಕೊಂಡು ಇದ್ದು ನೋಡಿ. ಆ ಆರು ತಿಂಗಳಲ್ಲಿ ಕೆಟ್ಟ ತಿಂಗಳು ಸೇರಿರಲಿ.

ಕಾಗದಪತ್ರದ ಖರ್ಚು ಬೇರೆ. ಕೆಎ-25, ಕೆಎ-63 ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು. ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಲ್ಲಿ ಹೊಸದಾಗಿ ತೆರಿಗೆ, ಇಲ್ಲಿ ಕಟ್ಟಿದ್ದರಲ್ಲಿ ಉಳಿದ ಪಾಲು ವಾಪಸ್ ಬೇಕೆಂದರೆ ಅರ್ಜಿ. ಹಳೆಯ ಗಾಡಿಯಾದರೆ ಇಲ್ಲೇ ಮಾರಿಬಿಡುವುದು ಎಷ್ಟೋ ಸಲ ಲಾಭ.

ಮಕ್ಕಳಿದ್ದರೆ ಇದು ದುಡ್ಡಿಗಿಂತ ದೊಡ್ಡ ಮಾತು. ಸಿಇಟಿಯಲ್ಲಿ ಕರ್ನಾಟಕದ ಸೀಟು ಬೇಕಾದರೆ ಸಾಮಾನ್ಯವಾಗಿ ಒಂದರಿಂದ ಹನ್ನೆರಡನೇ ತರಗತಿಯೊಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಐದನೇ ತರಗತಿಯ ಹುಡುಗಿಯನ್ನು ಕರೆದುಕೊಂಡು ಹೋಗುವವರು ಈಗಲೇ ಬೆರಳು ಮಡಚಿ ಎಣಿಸಿ. ನಮ್ಮ 2ಎ, 3ಬಿ ಮೀಸಲಾತಿ ಸರ್ಟಿಫಿಕೇಟ್ ಆ ರಾಜ್ಯದ ಸೀಟಿಗೆ ನಡೆಯುವುದಿಲ್ಲ. ಅಲ್ಲಿನ ಭಾಷೆಯನ್ನು ಯಾವ ತರಗತಿಯಿಂದ ಕಡ್ಡಾಯವಾಗಿ ಓದಬೇಕು ಅಂತ ಶಾಲೆಯಲ್ಲೇ ಕೇಳಿ.

ಕೊನೆಗೆ ಲಾರಿ

ಮೇ, ಜೂನ್ ವರ್ಗಾವಣೆಯ ಕಾಲ, ಬಾಡಿಗೆ ಏರಿರುತ್ತದೆ. ತಿಂಗಳ ಮಧ್ಯದಲ್ಲಿ ಕೇಳಿದರೆ ಕಡಿಮೆಗೆ ಬರುತ್ತಾರೆ. ವಾಪಸ್ ಲೋಡ್ ಸಿಗುವ ಊರಾದರೆ ಇನ್ನೂ ಇಳಿಯುತ್ತದೆ. ಗ್ಯಾಸ್ ಸಿಲಿಂಡರ್ ಲಾರಿಗೆ ಹಾಕಿಸಬೇಡಿ, ಏಜೆನ್ಸಿಗೆ ಕೊಟ್ಟು ವೋಚರ್ ತೆಗೆದುಕೊಳ್ಳಿ. ಬೈಕಿನ ಪೆಟ್ರೋಲ್ ಖಾಲಿ ಮಾಡಿ. ಕರಾವಳಿಗೆ ಹೋಗುತ್ತಿದ್ದರೆ ಕಬ್ಬಿಣದ ತಿಜೋರಿಯ ತುಕ್ಕು ಹಿಡಿದ ಜಾಗಕ್ಕೆ ಇಲ್ಲೇ ಒಂದು ಕೈ ಪೇಂಟ್ ಹೊಡೆಸಿ. ಅಲ್ಲಿ ತುಕ್ಕು ಬೇಗ ಹರಡುತ್ತದೆ.

ಹೋಗುವ ಅಪಾರ್ಟ್‌ಮೆಂಟಿನವರಿಗೆ ಫೋನ್ ಮಾಡಿ, ಲಿಫ್ಟ್ ಯಾವ ಹೊತ್ತಿಗೆ ಕೊಡುತ್ತಾರೆ, ಶಿಫ್ಟಿಂಗ್ ಚಾರ್ಜ್ ಎಷ್ಟು ಅಂತ ಕೇಳಿಡಿ. ಫ್ರಿಜ್, ಟಿವಿಯ ಫೋಟೋ ತೆಗೆದುಕೊಂಡು ಪಟ್ಟಿಯಲ್ಲಿ ಅವುಗಳ ಸ್ಥಿತಿ ಬರೆಸಿ, ದಾರಿಯ ವಿಮೆ ಇದೆಯಾ ನೋಡಿ. ಇಳಿಸುವ ಹಮಾಲರ ಕೂಲಿ ಯಾರದ್ದು ಎನ್ನುವುದನ್ನು ಮಾತ್ರ ಬಾಯಿಮಾತಿನಲ್ಲಿ ಬಿಡಬೇಡಿ, ಹುಬ್ಬಳ್ಳಿಯಲ್ಲೇ ಬಿಲ್ ಮೇಲೆ ಬರೆಸಿಕೊಳ್ಳಿ. ಬೇರೆ ಊರಿನ ಗೇಟಿನಲ್ಲಿ, ಬಾರದ ಭಾಷೆಯಲ್ಲಿ, ಲಾರಿ ಅಡ್ಡ ನಿಲ್ಲಿಸಿಕೊಂಡು ಆ ವಾದ ಮಾಡುವುದು ಕಷ್ಟ.